ವನಜಾಕ್ಷಿ ನೀರು ಕುಡಿದು ಮಾಡಿದ ವ್ರತ

ದೀಪಕ್ಕೆ ಎಣ್ಣೆ ಸಾಕಷ್ಟಿದೆಯೇ ನೋಡಿ, ಬತ್ತಿಯ ಕುಡಿ ತೆಗೆದು, ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಿಡಿದು, ತುಂಬಿದ ಕೊಡದಮ್ಮನ ಕಥೆಯನ್ನು ಕೇಳುವಂಥವರಾಗಿ. ಇದನ್ನು ಹಬ್ಬ ಬಂತೆಂದು ಓದುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಮೈಯೊಳಗಿನ ಸಂಗತಿಯೊಂದಕ್ಕೆ ಉತ್ತರ ಬರಬೇಕಾಗಿದ್ದು, ಆ ಉತ್ತರ ಇನ್ನೂ ಬಾರದೆ ಇರುವ ನಡುವಿನ ದಿನಗಳಲ್ಲಿ ಓದುತ್ತಾರೆ. ಕೇಳುವವರು ಉಪವಾಸ ಇರಕೂಡದು. ಉಂಡು ಬಂದು ಕೂತರೆ ಅಮ್ಮನಿಗೆ ಸಂತೋಷ. ಅದು ಏಕೆಂಬುದು ಮುಂದೆ ತಿಳಿಯುತ್ತದೆ.

ವೇದಾವತಿ ಹೊಳೆಯ ಬದಿಯಲ್ಲಿ ಸಜ್ಜೆಹಟ್ಟಿ ಎಂಬ ಊರಿತ್ತು. ಆ ಊರಿನಲ್ಲಿ ತಿಪ್ಪೇಶಪ್ಪನೆಂಬ ಗೃಹಸ್ಥನು ತನ್ನ ಹೆಂಡತಿ ವನಜಾಕ್ಷಿಯೊಡನೆ ಹಿಟ್ಟಿನ ಗಿರಣಿ ನಡೆಸಿಕೊಂಡು, ತಾಯಿ ಕರಿಯವ್ವನನ್ನು ಸಾಕಿಕೊಂಡು ಬಾಳುತ್ತಿದ್ದನು. ವನಜಾಕ್ಷಿ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ಆದರೆ ಅವಳಿಗೆ ಒಂದು ಹೆಮ್ಮೆಯಿತ್ತು. ತನ್ನ ನೋವನ್ನು ಯಾರಿಗೂ ಹೇಳಿಕೊಂಡವಳಲ್ಲ ಎಂಬುದೇ ಆ ಹೆಮ್ಮೆ. ಗಿರಣಿಯ ಬೆಲ್ಟಿಗೆ ಬೆರಳು ಸಿಕ್ಕಿ ಉಗುರು ಹಾರಿದ ದಿನವೂ ಬಟ್ಟೆ ಸುತ್ತಿಕೊಂಡು ಸಂಜೆಯ ತನಕ ರಾಗಿ ಬೀಸಿದ್ದಳು.

ಹೀಗಿರಲಾಗಿ, ಅವಳ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕಿಬ್ಬೊಟ್ಟೆಯ ಎಡಗಡೆ ಒಂದು ಭಾರ ಬಂದು ಕೂತಿತು. ಸೀರೆಯ ನೆರಿಗೆ ಸಿಕ್ಕಿಸಿದರೆ ಒತ್ತುವುದು, ಮೂಟೆ ಎತ್ತಿದರೆ ಚುಚ್ಚುವುದು. ಎರಡು ತಿಂಗಳು ತಾಳಿ, ಬೆಲ್ಟು ತರುತ್ತೇನೆಂದು ಮನೆಯಲ್ಲಿ ಹೇಳಿ, ಒಬ್ಬಳೇ ಪಟ್ಟಣದ ಆಸ್ಪತ್ರೆಗೆ ಹೋದಳು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ನೋಡಿ, ಅಂಡಾಶಯದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ನೀರುಗಂಟು ಇದೆಯೆಂದೂ, ಇಂಥವು ಎಷ್ಟೋ ಹೆಂಗಸರಿಗೆ ಬಂದು ತಾವಾಗಿಯೇ ಹೋಗುವವೆಂದೂ, ಆದರೆ ಇದು ಎಂಥದ್ದೆಂದು ಈಗಲೇ ಹೇಳಲಾಗದೆಂದೂ, ಆರು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್, ಒಂದು ರಕ್ತಪರೀಕ್ಷೆ ಮಾಡಿ ನೋಡೋಣವೆಂದೂ ನಿಧಾನವಾಗಿ ತಿಳಿಸಿದರು. ಇಷ್ಟು ಮಾತಿನಲ್ಲಿ ವನಜಾಕ್ಷಿಯ ಕಿವಿಗೆ ಬಿದ್ದದ್ದು ಗಂಟು ಎಂಬ ಒಂದೇ ಮಾತು. ಕೇಳಬೇಕೆಂದದ್ದನ್ನು ಕೇಳದೆ, ತಲೆಯಾಡಿಸಿ, ಎದ್ದು ಬಂದುಬಿಟ್ಟಳು. ಬರುವಾಗ ಮರೆಯದೆ ಬೆಲ್ಟನ್ನೂ ತಂದಳು.

ಆ ಆರು ವಾರ ಅವಳು ಪಟ್ಟ ಪಾಡನ್ನು ಕೇಳಿರಿ. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ಬದಲಿಗೆ ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಸೋಮವಾರ ಉಪ್ಪು ಬಿಟ್ಟಳು, ಶುಕ್ರವಾರ ಒಂದು ಹೊತ್ತು ಬಿಟ್ಟಳು, ಶನಿವಾರ ಎರಡು ಹೊತ್ತೂ ಬಿಟ್ಟಳು. ಒಂದೊಂದು ಹರಕೆಗೆ ಒಂದೊಂದು ಅರಿಸಿನ ದಾರದಂತೆ ಏಳು ದಾರ ಮಣಿಕಟ್ಟಿಗೆ ಕಟ್ಟಿಕೊಂಡಳು. ಕೈ ಬಿಡುವಾದಾಗಲೆಲ್ಲ ಮೊಬೈಲು ತೆಗೆದು ನೀರುಗಂಟಿನ ಮೇಲೆ ಯಾರು ಯಾರೋ ಆಡಿದ ಮಾತು ಕೇಳಿದಳು. ಒಬ್ಬನು ಏನೂ ಆಗದು ಎಂದರೆ ನಂಬಲಿಲ್ಲ, ಇನ್ನೊಬ್ಬನು ಆರು ತಿಂಗಳಷ್ಟೇ ಆಯುಸ್ಸು ಎಂದರೆ ಕೂಡಲೇ ನಂಬಿದಳು. ಬೆಳಿಗ್ಗೆ ಏಳುವಾಗ ಯೋಚನೆ ಅವಳಿಗಿಂತ ಮುಂಚೆ ಎದ್ದು ಕೂತಿರುತ್ತಿತ್ತು.

ಹೀಗೆ ಮನಸ್ಸು ಎಲ್ಲೋ ಇದ್ದು, ಒಂದು ದಿನ ಮೇಲಿನ ಕೇರಿಯ ಸಣ್ಣಕ್ಕನ ರಾಗಿಯನ್ನು ತಂದು ಮೆಣಸಿನಕಾಯಿ ಪುಡಿ ಮಾಡುವ ಯಂತ್ರಕ್ಕೆ ಸುರಿದುಬಿಟ್ಟಳು. ಮರುದಿನ ಸಣ್ಣಕ್ಕ ಖಾಲಿ ಡಬ್ಬಿ ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತಳು.

“ವನಜಾಕ್ಷಮ್ಮೋ, ನಿಮ್ಮ ಹಿಟ್ಟಿಗೆ ಸಾರೇ ಬೇಡ ಕಣ್ರೀ. ನಮ್ಮ ಮನೆಯವರು ಒಂದು ತುತ್ತು ನುಂಗಿ ಬೀದಿಗೆ ಓಡಿದ್ರು, ಇನ್ನೂ ವಾಪಸ್ ಬಂದಿಲ್ಲ!”

ಹಿಟ್ಟಿಗೆ ಕಾದಿದ್ದವರೆಲ್ಲ ನಕ್ಕರು. ವನಜಾಕ್ಷಿಯೂ ನಕ್ಕು, ಬೇರೆ ಹಿಟ್ಟು ಅಳೆದುಕೊಟ್ಟು, ಮೂಟೆಗಳ ಹಿಂದೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಿರಣಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆರು ವಾರ ತುಂಬಿತು. ಸ್ಕ್ಯಾನಿನ ದಿನ ಮಂಗಳವಾರ. ಒಂದು ಲೀಟರು ನೀರು ಕುಡಿದು, ಒಂದಕ್ಕೆ ಹೋಗದೆ ತಡೆದುಕೊಂಡು ಬರಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಮೂತ್ರಚೀಲ ತುಂಬಿದ್ದರೆ ಮಾತ್ರ ಅದರ ಹಿಂದಿರುವ ಗರ್ಭಕೋಶವೂ ಅಂಡಾಶಯವೂ ಪರದೆಯ ಮೇಲೆ ತಿಳಿಯಾಗಿ ಕಾಣುವುವು. ವನಜಾಕ್ಷಿ ಚೀಟಿಯನ್ನು ಓದಿದ್ದಳು. ಆದರೆ ಹಿಂದಿನ ಸಂಜೆಯೇ ಭಯ ಹೆಚ್ಚಾಗಿ, ಒಳ್ಳೆಯ ಉತ್ತರ ಬರಲೆಂದು ನಿಟ್ಟುಪವಾಸದ ಎಂಟನೆಯ ಹರಕೆಯನ್ನು ಹೊತ್ತು, ಮಂಗಳವಾರದ ಹೊತ್ತು ಮುಳುಗುವ ತನಕ ಹನಿ ನೀರನ್ನೂ ಮುಟ್ಟೆನೆಂದು ದೇವರ ಮುಂದೆ ಹೇಳಿಬಿಟ್ಟಿದ್ದಳು. ಚೀಟಿಯ ಮಾತು ಮೀರಿದರೆ ಮನುಷ್ಯರಿಗೆ ಸಿಟ್ಟು, ಹರಕೆ ಮೀರಿದರೆ ದೇವರಿಗೆ ಸಿಟ್ಟು ಎಂದೆಣಿಸಿ, ಒಣಗಿದ ಬಾಯಲ್ಲೇ ಬಸ್ಸು ಹತ್ತಿದಳು.

ಸ್ಕ್ಯಾನ್ ಮಾಡುವಾಕೆ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಆಡಿಸಿ ಸಾಕಾಗಿ, “ಏನೂ ಕಾಣ್ತಿಲ್ಲ. ನೀರು ಕುಡಿದಿಲ್ವಾ?” ಎಂದಳು.

“ವ್ರತ ಇದೆ.”

“ಈಗ ಕುಡೀರಿ. ಒಂದು ಗಂಟೆ ಕೂತಿರಿ, ಮತ್ತೆ ನೋಡ್ತೀನಿ.”

“ಹೊತ್ತು ಮುಳುಗೋ ತನಕ ಆಗಲ್ಲ ಮೇಡಂ.”

“ಎರಡು ಗಂಟೆಗೆ ಈ ಬಾಗಿಲು ಹಾಕ್ತಾರೆ. ಹಾಗಾದ್ರೆ ಮುಂದಿನ ಮಂಗಳವಾರ.”

ವನಜಾಕ್ಷಿ ಹೊರಗೆ ಬಂದಳು. ಅಯ್ಯೋ ಎನಿಸಬೇಕಿತ್ತು, ಆದರೆ ಅವಳಿಗೆ ಒಳಗೊಳಗೇ ಹಗುರವಾಯಿತು. ಉತ್ತರ ಬರಲಿಲ್ಲವೆಂದರೆ ಕೆಟ್ಟ ಉತ್ತರವೂ ಬರಲಿಲ್ಲವಷ್ಟೆ. ಇನ್ನು ಈ ಕಡೆಗೆ ಬರುವುದೇ ಬೇಡ, ಆದದ್ದಾಗಲಿ ಎಂದು ನಿಶ್ಚಯಿಸಿ, ಅಂಗಳದ ಹೊಂಗೆಮರದ ಕಟ್ಟೆಯ ತನಕ ನಡೆದು, ಕಣ್ಣು ಕತ್ತಲಿಟ್ಟು ಕುಸಿದು ಕೂತಳು.

ಆ ಕಟ್ಟೆಯ ಮೇಲೆ ಒಬ್ಬ ಮುದುಕಿ ಮಣ್ಣಿನ ಕೊಡದಲ್ಲಿ ನೀರಿಟ್ಟುಕೊಂಡು ಕೂತಿದ್ದಳು. ಹಣೆಯಗಲ ಕುಂಕುಮ, ಮಾಸಿದ ಹಸಿರು ಸೀರೆ, ಬಾಯಲ್ಲಿ ಮೂರೋ ನಾಲ್ಕೋ ಹಲ್ಲು. ಲೋಟ ತುಂಬಿ ಮುಂದೆ ಚಾಚಿದಳು. ವನಜಾಕ್ಷಿ ವ್ರತವೆಂದು ತಲೆಯಲ್ಲಾಡಿಸಿದಳು.

“ಯಾವ ದೇವರು ಕೇಳಿದ್ದೇ ಇದನ್ನ?”

“ಯಾರೂ ಕೇಳಿಲ್ಲ ಅಜ್ಜಿ. ನಾನೇ ಹೊತ್ತುಕೊಂಡೆ.”

“ಮೂಟೆ ಹೊತ್ತು ಹೊತ್ತು ಅಭ್ಯಾಸ ಆಗಿಬಿಟ್ಟೈತೆ ನಿನಗೆ. ಕಂಡಿದ್ದೆಲ್ಲ ಹೊರ್ತೀಯ. ನಿನ್ನ ಹೊಟ್ಟೆಯೊಳಗೆ ಏನೈತೆ ಅಂತ ನೋಡೋಕೆ ಅವರು ನೀರು ಕೇಳಿದ್ರು. ನೀನು ನೀರು ಮುಚ್ಚಿಟ್ಟು, ದೇವರೇ ನೋಡು ಅಂದೆ. ಅವನು ಎಲ್ಲಿಂದ ನೋಡ್ತಾನೆ, ಕುಡೀ!”

ಆ ಗದರಿಕೆಗೆ ವನಜಾಕ್ಷಿಯ ಕೈ ತಾನಾಗಿ ಮುಂದೆ ಹೋಯಿತು. ಕುಡಿದಳು. ಎರಡನೆಯ ಲೋಟ ಕುಡಿಯುವಾಗ ಅಳು ಬಂತು. ಅಳುತ್ತಲೇ ಬೆಲ್ಟಿನ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕೊನೆಗೆ, “ಇದು ಹೋಗುತ್ತಾ ಅಜ್ಜಿ?” ಎಂದು ಕೇಳಿದಳು.

“ಅದು ನಾನು ಹೇಳೋದಲ್ಲ. ಹೇಳೋರು ಒಳಗವ್ರೆ. ಅವರು ಹೇಳೋ ತನಕ ಹೆಂಗಿರಬೇಕು ಅನ್ನೋದು ಬೇಕಾದ್ರೆ ಹೇಳ್ತೀನಿ.”

ಹೀಗೆಂದು ಮುದುಕಿ ವ್ರತದ ಕ್ರಮವನ್ನು ಹೇಳಿದಳು. ಮಂಟಪ ಬೇಡ, ನೈವೇದ್ಯ ಬೇಡ. ಹೊತ್ತು ಮುಳುಗುವಾಗ ಒಂದು ಚಮಚ ಎಣ್ಣೆಯ ದೀಪ ಹಚ್ಚಿ, ಮನೆಯವರಲ್ಲಿ ಒಬ್ಬರನ್ನಾದರೂ ಎದುರಿಗೆ ಕೂರಿಸಿಕೊಂಡು, ಅಂದಿನ ಭಯವನ್ನು ಬಾಯಿ ಬಿಟ್ಟು ಹೇಳಬೇಕು. ದೀಪ ಉರಿಯುವಷ್ಟು ಹೊತ್ತು ಎಷ್ಟು ಬೇಕೋ ಅಷ್ಟು ಹೆದರಬಹುದು, ಅಳಬಹುದು. ಎಣ್ಣೆ ತೀರಿದ ಮೇಲೆ ಎದ್ದು ಉಣ್ಣಬೇಕು. ಹಗಲಿನಲ್ಲಿ ಯೋಚನೆ ಬಂದು ಸೆರಗು ಜಗ್ಗಿದರೆ, ಸಂಜೆ ಬಾ ಎಂದು ಹೇಳಿ ಕೈಯಲ್ಲಿದ್ದ ಕೆಲಸ ಮುಂದುವರಿಸಬೇಕು. ಕೇಳಬೇಕಾದ್ದನ್ನು ಕಾಗದದ ಮೇಲೆ ಬರೆದಿಟ್ಟು, ಬಲ್ಲವರನ್ನೇ ಕೇಳಬೇಕು, ಮೊಬೈಲಿನೊಳಗಿನ ಗುರುತಿಲ್ಲದವರನ್ನಲ್ಲ. ಪರೀಕ್ಷೆಯ ದಿನ ಅವರು ಹೇಳಿದಷ್ಟು ನೀರು ಕುಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಉತ್ತರ ಎಂಥದ್ದೇ ಇರಲಿ, ಕೊನೆಯ ತನಕ ಕೂತು ಕೇಳಬೇಕು. ತಿಳಿಯದಿದ್ದರೆ ಇನ್ನೊಮ್ಮೆ ಕೇಳಬೇಕು.

“ಆ ಎಂಟು ಹರಕೆಗಳು?”

“ಇಲ್ಲಿ ಹಾಕು” ಎಂದು ಮುದುಕಿ ಮಡಿಲೊಡ್ಡಿದಳು. ವನಜಾಕ್ಷಿ ಏಳು ದಾರವನ್ನೂ ಬಿಚ್ಚಿ ಅದರಲ್ಲಿ ಹಾಕಿ, ಲೋಟ ತೊಳೆಯಲು ನಲ್ಲಿಯ ಕಡೆ ಹೋಗಿ ತಿರುಗಿ ನೋಡುತ್ತಾಳೆ, ಕಟ್ಟೆಯ ಮೇಲೆ ಯಾರೂ ಇಲ್ಲ. ಕೊಡ ಕೂತಿದ್ದ ಜಾಗ ಮಾತ್ರ ದುಂಡಗೆ ಒದ್ದೆಯಾಗಿದೆ. ಬಂದಿದ್ದವಳು ತುಂಬಿದ ಕೊಡದಮ್ಮನೆಂದು ಆಗ ಅವಳಿಗೆ ಹೊಳೆಯಿತು. ಅಲ್ಲಿಯೇ ನೆಲ ಮುಟ್ಟಿ ನಮಸ್ಕರಿಸಿ, ಒಳಗೆ ಹೋಗಿ, ಸ್ಕ್ಯಾನಿನ ಬಾಗಿಲು ಆಗಲೇ ಹಾಕಿದ್ದರಿಂದ ಮುಂದಿನ ಮಂಗಳವಾರಕ್ಕೆ ಹೆಸರು ಬರೆಸಿ, ಊರಿಗೆ ಮರಳಿದಳು.

ಅಂದು ಸಂಜೆ ಗಿರಣಿ ನಿಲ್ಲಿಸಿ, ದೀಪ ಹಚ್ಚಿ, ಗಂಡನನ್ನು ಕರೆದು ಕೂರಿಸಿದಳು. ಬಾಯಿ ತೆರೆಯುವುದು ಮೂಟೆ ಎತ್ತುವುದಕ್ಕಿಂತ ಭಾರವಾಯಿತು. ಆದರೂ ಹೇಳಿದಳು. ತಿಪ್ಪೇಶಪ್ಪ ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿಕೊಂಡನು.

“ಬೆಲ್ಟು ತರೋಕೆ ಹೋಗ್ತೀನಿ ಅಂದಿದ್ದೆ.”

“ಬೆಲ್ಟೂ ತಂದಿದ್ದೆ.”

“ಅದಕ್ಕೇ ನಂಬಿದ್ದು ನಾನು” ಎಂದು ಅವನು ಮುಖ ಆಚೆಗೆ ತಿರುಗಿಸಿದನು.

ಆಗ ಒಳಮನೆಯಿಂದ ಕರಿಯವ್ವನು ಗೋಡೆ ಹಿಡಿದುಕೊಂಡು ಬಂದಳು. ಅವಳ ಕಿವಿ ಮಂದವೆಂದು ಮನೆಯವರೆಲ್ಲ ತಿಳಿದಿದ್ದರು.

“ಬೇಕಾದ್ದು ನನಗೆ ಕೇಳಿಸ್ತೈತೆ. ನನ್ನ ಮಗಳು ಅಂಬುಜಿ ತನ್ನ ಕಾಯಿಲೆ ಹಿಂಗೇ ಮುಚ್ಚಿಟ್ಲು. ಅಮ್ಮಂಗೆ ಯಾಕೆ ನೋವು ಕೊಡೋದು ಅಂದ್ಲಂತೆ. ಹೋದ ಮೇಲೆ ನನಗೆ ನೋವಾಗಲಿಲ್ಲ ಅಂತ ತಿಳಿದ್ಯಾ? ಮಗಳು ಹೋದ್ಲು, ನೀನು ಹೋಗಕೂಡದು. ಜರುಗು, ನಾನೂ ಕೂತ್ಕೋತೀನಿ.”

ಮೂವರೂ ದೀಪದ ಸುತ್ತ ಕೂತರು. ಎಣ್ಣೆ ತೀರಿದ ಮೇಲೆ ಎದ್ದು ಉಂಡರು. ಅಂದಿನಿಂದ ಏಳು ಸಂಜೆ ಹೀಗೆಯೇ ನಡೆಯಿತು. ಮೊದಮೊದಲು ದೀಪ ಆರಿದ ಮೇಲೂ ಮಾತು ಉಳಿಯುತ್ತಿತ್ತು. ಐದನೆಯ ದಿನ ಮಾತು ಮುಗಿದು ದೀಪ ಉಳಿಯಿತು. ಭಯ ಹೋಗಲಿಲ್ಲ. ಆದರೆ ಅದಕ್ಕೊಂದು ಹೊತ್ತು ಗೊತ್ತಾಯಿತು, ಉಳಿದ ಹೊತ್ತು ವನಜಾಕ್ಷಿಗೆ ವಾಪಸು ಸಿಕ್ಕಿತು. ರಾಗಿ ರಾಗಿಯ ಕಲ್ಲಿಗೆ ಬಿತ್ತು, ಮೆಣಸಿನಕಾಯಿ ಅದರ ಯಂತ್ರಕ್ಕೆ ಬಿತ್ತು. ಕಾಗದದ ಮೇಲೆ ಐದು ಪ್ರಶ್ನೆ ಬರೆದಳು. ಮುದ್ದೆ ಉಣ್ಣಬಹುದಾ ಅಂತ ನಂದೂ ಒಂದು ಬರಿ ಎಂದು ಕರಿಯವ್ವ ಹೇಳಿದ್ದರಿಂದ ಆರಾಯಿತು.

ಮಂಗಳವಾರ ಬಂತು. ವನಜಾಕ್ಷಿ ಮನೆಯಲ್ಲಿಯೇ ಲೀಟರು ನೀರು ಕುಡಿದು ಗಂಡನೊಡನೆ ಬಸ್ಸು ಹತ್ತಿದಳು. ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ಅವಳು ಹಲ್ಲು ಕಚ್ಚಿದಳು. ತಿಪ್ಪೇಶಪ್ಪನು ಎದ್ದು ಹೋಗಿ, “ಸ್ವಲ್ಪ ನಿಧಾನ ಅಣ್ಣ, ತುಂಬಿದ ಕೊಡ ಐತೆ” ಎಂದು ಡ್ರೈವರನಿಗೆ ಹೇಳಿದನು. ಡ್ರೈವರ್ ಹಿಂದೆ ತಿರುಗಿ ನೋಡಿ, “ಕೊಡ ಎಲ್ಲೈತ್ರೀ?” ಎಂದನು. ವನಜಾಕ್ಷಿಗೆ ನಗು ಬಂತು. ನಕ್ಕರೆ ಕೆಲಸ ಕೆಡುವುದೆಂದು ಸೆರಗು ಕಚ್ಚಿ ತಡೆದಳು.

ಈ ಸಲ ಪರದೆಯ ಮೇಲೆ ಎಲ್ಲವೂ ತಿಳಿಯಾಗಿ ಕಂಡಿತು. ರಕ್ತವನ್ನೂ ಕೊಟ್ಟರು. ಉತ್ತರ ಶುಕ್ರವಾರವೆಂದರು. ಮತ್ತೆ ಮೂರು ಸಂಜೆ ದೀಪ ಹಚ್ಚಿದರು. ಶುಕ್ರವಾರ ಡಾಕ್ಟರಮ್ಮ ಕಾಗದಗಳನ್ನು ಮುಂದಿಟ್ಟುಕೊಂಡು, ಗಂಟು ಮೂಸಂಬಿಯಷ್ಟಾಗಿದೆ, ತಾನಾಗಿ ಹೋಗುವಂಥದ್ದಲ್ಲ, ರಕ್ತದಲ್ಲಿ ಕೆಟ್ಟದ್ದರ ಗುರುತಿಲ್ಲ, ಆದರೆ ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ ಮೇಲೆಯೇ ಖಚಿತವಾಗಿ ಹೇಳಲಾದೀತು ಎಂದರು. ವನಜಾಕ್ಷಿ ಈ ಸಲ ಏಳಲಿಲ್ಲ. ಕಾಗದ ಬಿಡಿಸಿ ಒಂದೊಂದಾಗಿ ಕೇಳಿದಳು. ಎರಡನೆಯದು ತಿಳಿಯದೆ ಮತ್ತೊಮ್ಮೆ ಕೇಳಿದಳು. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಮುದ್ದೆ ಧಾರಾಳವಾಗಿ ಉಣ್ಣಬಹುದೆಂದರು.

ಹದಿನೈದು ದಿನಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಪರೀಕ್ಷೆಗೆ ಹೋದದ್ದರ ಉತ್ತರ ಬರಲು ಇನ್ನೂ ಹತ್ತು ದಿನ. ಕಾದು ಕಾದು ಬಂದವಳಿಗೆ ಮತ್ತೆ ಕಾಯುವ ಪಾಳಿ. ಆ ಹತ್ತು ಸಂಜೆಯೂ ಅವಳು ಮಲಗಿದಲ್ಲಿಂದಲೇ ಮಾತಾಡಿದಳು, ಕರಿಯವ್ವ ದೀಪಕ್ಕೆ ಎಣ್ಣೆ ಹಾಕಿದಳು, ಒಂದು ದಿನವೂ ಚಮಚಕ್ಕಿಂತ ಹೆಚ್ಚು ಹಾಕಲಿಲ್ಲ. ಹತ್ತನೆಯ ದಿನ ಉತ್ತರ ಬಂತು. ಅದು ಕೆಟ್ಟ ಗಂಟಾಗಿರಲಿಲ್ಲ. ಇನ್ನಷ್ಟು ದಿನ ಬಿಟ್ಟಿದ್ದರೆ ತಿರುಚಿಕೊಂಡು ಪ್ರಾಣಕ್ಕೆ ಕಷ್ಟವಾಗಬಹುದಿತ್ತು, ಸರಿಯಾದ ಹೊತ್ತಿಗೆ ಬಂದಿರಿ ಎಂದು ಡಾಕ್ಟರಮ್ಮ ಹೇಳಿದರು.

ವನಜಾಕ್ಷಿ ಮೈ ಸುಧಾರಿಸಿಕೊಂಡು ಗಿರಣಿಗೆ ಬಂದು ಕೂತಳು. ತನಗಾದದ್ದನ್ನು ಮುಚ್ಚಿಡದೆ ಬಂದವರಿಗೆಲ್ಲ ಹೇಳಿದಳು. ಆಮೇಲೆ ಹಿಟ್ಟಿಗೆ ಬಂದ ಹೆಂಗಸರು, ಕಲ್ಲು ತಿರುಗುವ ಸದ್ದಿನಲ್ಲಿ, ಅವಳ ಕಿವಿಯ ಹತ್ತಿರ ಬಗ್ಗಿ ತಮ್ಮದನ್ನು ಹೇಳತೊಡಗಿದರು. ಒಬ್ಬಳಿಗೆ ಎದೆಯಲ್ಲಿ ಗಡ್ಡೆ, ಒಬ್ಬಳಿಗೆ ನಿಲ್ಲದ ಮುಟ್ಟು. ಕರೆದವರ ಜೊತೆಗೆ ಅವಳು ಪಟ್ಟಣಕ್ಕೆ ಹೋದಳು. ಕೆಲವರಿಗೆ ಒಳ್ಳೆಯ ಉತ್ತರ ಬಂತು, ಕೆಲವರಿಗೆ ಬರಲಿಲ್ಲ. ಬಾರದವರ ಪಕ್ಕದಲ್ಲಿಯೂ ಅವಳು ಕೂತಳು. ಈ ರೀತಿ ತುಂಬಿದ ಕೊಡದಮ್ಮನ ವ್ರತವು ಸಜ್ಜೆಹಟ್ಟಿಯಿಂದ ಸುತ್ತಲ ಊರುಗಳಿಗೆ ಹಬ್ಬಿತು.

ಈ ಕಥೆಯನ್ನು ಯಾರು ಓದುವರೋ, ಯಾರು ಓದಿಸುವರೋ, ಯಾರು ಕಿವಿಗೊಟ್ಟು ಕೇಳುವರೋ, ಅವರಿಗೆ ಕಾಯಿಲೆಯೇ ಬಾರದೆಂದು ಅಮ್ಮ ಮಾತು ಕೊಟ್ಟಿಲ್ಲ. ಕಾಯುವ ದಿನಗಳಲ್ಲಿ ಅವರು ಒಬ್ಬರೇ ಆಗರು, ಕೇಳಬೇಕಾದ್ದನ್ನು ಕೇಳದೆ ಏಳರು, ಹೋಗಬೇಕಾದ ದಿನ ಹೋಗದೆ ಉಳಿಯರು. ವನಜಾಕ್ಷಿಗೆ ದೊರೆತ ಈ ಫಲ ಅವರಿಗೂ ದೊರೆಯುವುದೆಂದು ಮಾತು ಕೊಟ್ಟಿದ್ದಾಳೆ.

ಇನ್ನು ಓದಿದವರು ಪುಸ್ತಕ ಮಡಿಸಿ, ಕೂತವರ ಮುಖಗಳನ್ನು ಒಂದೊಂದಾಗಿ ನೋಡಬೇಕು. ಯಾರಾದರೂ ಏನನ್ನಾದರೂ ಹೇಳದೆ ಇಟ್ಟುಕೊಂಡಿದ್ದರೆ ಈಗ ಹೇಳಲಿ. ಅವರು ಬಾಯಿ ತೆರೆಯುವ ತನಕ ಯಾರೂ ಅಕ್ಷತೆ ಹಾಕಬೇಡಿ, ಯಾರೂ ಏಳಬೇಡಿ.