ಬೀಗ ಹಾಕಿದ ಕೋಣೆಗಳು

ಶಾಂಭವಿಯ ಕಂಪ್ಯೂಟರ್ ಅಂಗಡಿಗೆ ಆ ವರ್ಷದ ಹೊಸ ಪ್ರೊಸೆಸರ್ ಬಂದಿತು. ಅದರ ನೆತ್ತಿಗೆ ಗಾಳಿ ಹಾಕುವ ಕೆಲಸ ಹಳೆಯ ಫ್ಯಾನಿನದು. ಇಂಥ ಎಷ್ಟೋ ಮಹಾರಾಜರಿಗೆ ಬೀಸಿ ಬೀಸಿ ಅದಕ್ಕೆ ರೂಢಿಯಾಗಿತ್ತು.

"ಫ್ಯಾನಣ್ಣ, ಜೋರಾಗಿ ಬೀಸು. ನನ್ನಷ್ಟು ವೇಗದವನು ಇನ್ನೂ ಹುಟ್ಟಿಲ್ಲ," ಎಂದಿತು ಪ್ರೊಸೆಸರ್.

ಹೊಸದನ್ನು ನೋಡಲು ನೆರೆದ ಜನ ಕಂಪ್ಯೂಟರಿನಲ್ಲಿ ಒಂದು ಆಟ ಓಡಿಸಿ ನೋಡಿದರು. ಹೋದ ವರ್ಷದ ಪ್ರೊಸೆಸರ್ ಓಡಿದಷ್ಟೇ ಇದೂ ಓಡಿತು. ಬಿಸಿ ಮಾತ್ರ ಹೆಚ್ಚಾಯಿತು. ಜನ ಮುಖ ಮುಖ ನೋಡಿಕೊಂಡು ಪಕ್ಕದ ಮೇಜಿಗೆ ಹೊರಟರು.

"ಏನಪ್ಪಾ, ಇಷ್ಟೇನಾ?" ಎಂದಿತು ಫ್ಯಾನ್.

"ಇಷ್ಟೇ ಅಲ್ಲಣ್ಣ. ನನ್ನೊಳಗೆ ಕೆಲಸ ನಡೆಯುವ ಕೋಣೆಗಳಲ್ಲಿ ಅರ್ಧಕ್ಕೆ ಕಂಪನಿಯವರೇ ಬೀಗ ಹಾಕಿದ್ದಾರೆ. ಎಲ್ಲವನ್ನೂ ಈಗಲೇ ತೆರೆದರೆ ಮುಂದಿನ ವರ್ಷ ಹೊಸದೆಂದು ಮಾರುವುದಕ್ಕೆ ಏನು ಉಳಿಯುತ್ತದೆ? ಆಗ ಬೀಗ ತೆಗೆದು, ಹೆಸರು ಬದಲಿಸಿ ತರುತ್ತಾರೆ. ಜಾಣತನ ಅಂದರೆ ಇದು!"

"ಭೇಷ್! ಆಗ ತೆಗೆಯುವುದು ನಿನ್ನ ಬೀಗವನ್ನೋ?"

ಪ್ರೊಸೆಸರ್ ತಡವರಿಸಿತು. "ಅಲ್ಲ... ಮುಂದೆ ಹುಟ್ಟುವ ನನ್ನ ತಮ್ಮನದು."

ಫ್ಯಾನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಶಾಂಭವಿ ಬಂದು ಯಾರಿಗೂ ಬೇಡವಾದ ಆ ಪ್ರೊಸೆಸರನ್ನು ಬಿಚ್ಚಿ ಡಬ್ಬಿಗೆ ಹಾಕಿದಳು, ಫ್ಯಾನನ್ನು ಪಕ್ಕದ ಮೇಜಿಗೆ ಒಯ್ದಳು. ಅಲ್ಲಿ ಬೇರೆ ಕಂಪನಿಯ ಪುಟ್ಟ ಪ್ರೊಸೆಸರೊಂದು ಕೋಣೆಗಳನ್ನೆಲ್ಲ ತೆರೆದುಕೊಂಡು ಓಡುತ್ತಿತ್ತು. ಸುತ್ತ ಜನವೋ ಜನ.

"ಅಣ್ಣ, ಇರುವುದನ್ನೆಲ್ಲ ಇವತ್ತೇ ಕೊಟ್ಟುಬಿಟ್ಟೆ. ನಾಳೆಗೆ ಏನೂ ಉಳಿಸಿಕೊಂಡಿಲ್ಲ," ಎಂದು ಅದು ಏದುಸಿರು ಬಿಟ್ಟಿತು.

"ಓಡು ಮರಿ, ಗಾಳಿಗೆ ನಾನಿದ್ದೇನೆ," ಎಂದು ಫ್ಯಾನ್ ಗಿರ್ರನೆ ತಿರುಗಿತು. "ನಾಳೆಗೆ ಉಳಿಸಿಕೊಂಡವನನ್ನು ಡಬ್ಬಿಗೆ ಹಾಕಿದ್ದು ಈಗಷ್ಟೇ ನೋಡಿ ಬಂದೆ."