ಧವಳಾಂಬರಕ್ಕೆ ಕುಂಬಳಕಾಯಿ ಹುಳಿ

ಕುಂತಳಗಿರಿಯ ಅರಸ ಬಿಜ್ಜರಸನಿಗೆ ಹೊಸ ಪದ ಸಿಕ್ಕಿತೆಂದರೆ ಮಗುವಿಗೆ ಗಿಲಕಿ ಸಿಕ್ಕಿದ ಹಾಗೆ. ಆಡಿಸಿ ಆಡಿಸಿ ಆಸ್ಥಾನದವರ ತಲೆ ತಿನ್ನುತ್ತಿದ್ದ. ಈ ಸಲ ಸಿಕ್ಕಿದ ಪದ ‘ಧವಳಾಂಬರ’.

“ನನ್ನ ಹುಟ್ಟುಹಬ್ಬಕ್ಕೆ ಎಲ್ಲರೂ ಧವಳಾಂಬರ ಉಟ್ಟು ಬರತಕ್ಕದ್ದು!”

“ಹಾಗಂದರೇನು ಪ್ರಭು?” ಎಂದ ವಿದೂಷಕ ಸಂಕಣ್ಣ.

ಆಸ್ಥಾನ ಪಂಡಿತ ಭೀಮಾಚಾರ್ಯರು ಗಂಟಲು ಸರಿಮಾಡಿಕೊಂಡರು. “ಶುಭಕಾರ್ಯಕ್ಕೆ ಉಡುವ ಹೊಸ ಬಿಳಿ ಬಟ್ಟೆ. ಸಾಸಿವೆಯಷ್ಟು ಬೇರೆ ಬಣ್ಣವಿದ್ದರೂ ಅದು ಧವಳಾಂಬರವಲ್ಲ. ಅಂಥದ್ದನ್ನು ಉಟ್ಟು ಬಂದವನನ್ನು ಆಸ್ಥಾನದಿಂದಲೇ ಓಡಿಸಬೇಕು!”

“ಹಾಗೇ ಆಗಲಿ,” ಎಂದುಬಿಟ್ಟ ಅರಸ.

“ಕೆಲಸ ಕಳಕೊಂಡರೆ ಮನೆ ಕಡೆ ತಲೆ ಹಾಕಬೇಡಿ,” ಎಂದು ಹುಟ್ಟುಹಬ್ಬದ ದಿನ ಹೆಂಡತಿ ಸಂಕಣ್ಣನಿಗೆ ಹೊಸ ಬಿಳಿ ಪಂಚೆ ಉಡಿಸಿ ಕಳಿಸಿದಳು. ಆದರೆ ಅವನ ಮೂಗು ಕೇಳಬೇಕಲ್ಲ! ಘಮಘಮ ವಾಸನೆ ಹಿಡಿದು ನೇರ ಅರಮನೆಯ ಅಡುಗೆಮನೆಗೇ ನುಗ್ಗಿದ. ಅಡುಗೆ ಭಟ್ಟರು ತಿರುಗಿದರು, ಸೌಟೂ ತಿರುಗಿತು. ಕುಂಬಳಕಾಯಿ ಹುಳಿ ಪಂಚೆಯ ಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಹರಿಯಿತು.

ಅಯ್ಯೋ, ಕೆಲಸ ಹೋಯಿತಲ್ಲ! ಓಡಿಹೋಗೋಣವೆಂದು ಸಂಕಣ್ಣ ಹಿಂದಿನ ಪಡಸಾಲೆಗೆ ಬಂದ. ಅಲ್ಲಿ ರಾಜಮಾತೆ ಮಗನ ಹೊಸ ಧೋತರದ ಮೂಲೆಗೆ ಚಿಟಿಕೆ ಅರಿಶಿನ ಹಚ್ಚುತ್ತಿದ್ದರು. “ಹೊಸ ಬಟ್ಟೆ ಹಾಗೇ ಉಡಬಾರದಪ್ಪ. ನೂರು ಕಾಲ ಬಾಳು.”

ಸಂಕಣ್ಣ ಓಡಲಿಲ್ಲ. ಎದೆಯುಬ್ಬಿಸಿಕೊಂಡು ಸಭೆಗೇ ನಡೆದ.

“ನೋಡಿ ನೋಡಿ! ಆಚೆ ಹಾಕಿ ಇವನನ್ನ!” ಆಚಾರ್ಯರು ಕುಣಿದೇಬಿಟ್ಟರು.

“ತಡೀರಿ ಸ್ವಾಮಿ. ಸಾಸಿವೆಯಷ್ಟು ಬಣ್ಣವಿದ್ದರೂ ಆಚೆಯೇ?”

“ಆಚೆಯೇ!”

“ಯಾರಾದರೂ?”

“ಯಾರಾದರೂ!”

ಸಂಕಣ್ಣ ಸಿಂಹಾಸನದ ಮುಂದೆ ಕೈಮುಗಿದ. “ಏಳಿ ಪ್ರಭು, ಇಬ್ಬರೂ ಒಟ್ಟಿಗೇ ಹೋಗೋಣ. ದಾರಿಯಲ್ಲಿ ಮಾತಿಗಾದರೂ ಜನ ಬೇಕಲ್ಲ.”

ಅರಸ ಕಕ್ಕಾಬಿಕ್ಕಿಯಾಗಿ ಧೋತರದ ಮೂಲೆ ಎತ್ತಿದ. ಹಳದಿ!

ಪರದೆಯ ಹಿಂದಿನಿಂದ ರಾಜಮಾತೆಯ ದನಿ ಬಂತು. “ಏನು ಆಚಾರ್ರೇ, ನಾನು ಹಚ್ಚಿದ ಅರಿಶಿನ ನಿಮಗೆ ಕಲೆಯೋ?”

ಆಚಾರ್ಯರು ಮೆಲ್ಲನೆ ತಮ್ಮ ಪಂಚೆಯ ಮೂಲೆ ನೋಡಿಕೊಂಡರು. ಅಲ್ಲೂ ಹೆಂಡತಿ ಹಚ್ಚಿದ ಅರಿಶಿನ! “ಛೆ ಛೆ, ಅಮ್ಮನವರೇ! ಅದು ಆಶೀರ್ವಾದ. ಅರಿಶಿನ ಬಿದ್ದರೇನೇ ಅದು... ಅದು ನಿಜವಾದ ಧವಳಾಂಬರ!”

“ಸರಿ,” ಎಂದು ಅರಸ ಸಂಕಣ್ಣನ ಕಡೆ ತಿರುಗಿದ. “ನನ್ನದು ಒಂದು ಚುಕ್ಕೆ. ನಿನ್ನದರಲ್ಲಿ ಕುಂಬಳಕಾಯಿ ಹೋಳೂ ಅಂಟಿಕೊಂಡಿದೆಯಲ್ಲೋ!”

“ಹುಳಿಯಲ್ಲಿರೋದೂ ಅರಿಶಿನವೇ ಪ್ರಭು. ತಮ್ಮನ್ನು ರಾಜಮಾತೆ ಚಿಟಿಕೆಯಲ್ಲಿ ಹರಸಿದರು. ನನ್ನನ್ನು ಭಟ್ಟರು ಸೌಟಿನಲ್ಲಿ ಹರಸಿದರು!”

ಬಿಜ್ಜರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲಸ ಉಳಿಯಿತು, ಮೇಲೊಂದು ರೇಷ್ಮೆಯ ಪಂಚೆಯೂ ಸಿಕ್ಕಿತು. ಆದರೆ ಊಟ ಮುಗಿಯುವವರೆಗೆ ಅದನ್ನು ಅವನ ಕೈಗೆ ಕೊಡಬೇಡಿ ಎಂದು ಅಪ್ಪಣೆಯಾಯಿತು.