ಸಾಣೆಯಿಂದ ಹಾರಿದ ಹರಳು

"ಗುರುಗಳೇ, ನನ್ನ ತಂದೆ ಎಲ್ಲಿಗೆ ಹೋದರು?" ಎಂದು ಮುದ್ದಯ್ಯ ಕೇಳಿದ.

ತಂದೆ ತೀರಿಕೊಂಡ ಸುದ್ದಿ ಬಂದು ಊರಿಗೆ ಹೋಗಿದ್ದ ಶಿಷ್ಯ ಅವನು. ಕ್ರಿಯೆಗಳನ್ನೆಲ್ಲ ಮುಗಿಸಿ ಅಂದು ಬೆಳಿಗ್ಗೆಯಷ್ಟೇ ಆಶ್ರಮಕ್ಕೆ ಮರಳಿದ್ದ. ಎರಡು ವಾರದಿಂದ ಅವನಿಗೆ ಅನ್ನ ಸೇರಿರಲಿಲ್ಲ.

"ಅವರು ಒಳ್ಳೆಯವರೆಂದು ನಾನು ಹೇಳಲಾರೆ," ಎಂದ. "ಪಕ್ಕದ ಮನೆಯವರೊಡನೆ ಇಪ್ಪತ್ತು ವರ್ಷ ಜಗಳವಾಡಿದರು. ಬೆಳಗಾದರೆ ಬೈಗುಳ, ಬೈಗಾದರೆ ಬೈಗುಳ. ಕೊನೆಯ ದಿನ ಅದೇ ಮನೆಯ ಕರು ಹಾಳುಬಾವಿಗೆ ಬಿತ್ತು. ಇವರೂ ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದರು. ಕರುವಿನ ಮುಂಗಾಲು ದಡಕ್ಕೆ ತಾಕುವ ಹೊತ್ತಿಗೆ ಇವರ ಎದೆ ನಿಂತಿತು. ಮಿಕ್ಕವರು ಕರುವನ್ನು ಹಿಡಿದುಕೊಂಡರು. ಇವರು ಹಗ್ಗ ಬಿಟ್ಟು ಅಲ್ಲೇ ಕುಸಿದರು. ಬಾಯಿಗೆ ದೇವರ ಹೆಸರು ಬರಲಿಲ್ಲ. ಕಡೆಗೆ ಆಡಿದ ಮಾತು, 'ಎಳೀರೋ' ಅಂತ. ಇಂಥ ಸಾವಿಗೆ ಸದ್ಗತಿ ಇಲ್ಲ ಎಂದು ಊರ ಹಿರಿಯರು ಹೇಳಿದರು. ಇಪ್ಪತ್ತು ವರ್ಷದ ಜಗಳ ಅವರನ್ನು ಎಲ್ಲಿಗೆ ಎಸೆಯಿತು ಗುರುಗಳೇ?"

"ನಿಮ್ಮೂರ ಹಿರಿಯರು ಅಲ್ಲಿಗೆ ಹೋಗಿ ಬಂದವರ ಹಾಗೆ ಮಾತಾಡುತ್ತಾರೆ," ಎಂದರು ಗುರುಗಳು. ಅವರಿಗೆ ಸಿಟ್ಟು ಬಂದಿತ್ತು. ಅದು ಇಳಿದ ಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಸಾಣೆಗಾರನಿದ್ದ. ಹರಳುಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದು ಅವನ ಕಸುಬು. ಅವನೆದುರು ಬಂಡಿಯ ಗಾಲಿಯ ಹಾಗೆ ನೆಟ್ಟಗೆ ನಿಂತ ಸಾಣೆಯ ಚಕ್ರವಿತ್ತು. ಅದರ ಅಚ್ಚಿಗೆ ಒಂದು ಬಿಲ್ಲಿನ ಹುರಿ ಸುತ್ತಿತ್ತು. ಬಿಲ್ಲನ್ನು ದೂಡಿದರೆ ಚಕ್ರದ ಈಚೆಯ ಅಂಚು ಕೆಳಕ್ಕೆ ಇಳಿಯುತ್ತಿತ್ತು, ಎಳೆದರೆ ಮೇಲಕ್ಕೆ ಏಳುತ್ತಿತ್ತು. ದಿನವಿಡೀ ದೂಡುವುದು, ಎಳೆಯುವುದು. ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಒಂದು ಕಡ್ಡಿ. ಕಡ್ಡಿಯ ತುದಿಗೆ ಹರಳನ್ನು ಅರಗಿನಿಂದ ಅಂಟಿಸಿ, ತನ್ನ ಕಡೆಗಿದ್ದ ಅಂಚಿಗೆ ಒತ್ತಿ ಹಿಡಿಯುತ್ತಿದ್ದ.

ಒಬ್ಬ ವರ್ತಕ ಮಗಳ ಮದುವೆಯ ಪದಕಕ್ಕೆಂದು ಒಂದು ಕೆಂಪಿನ ಹರಳು ತಂದುಕೊಟ್ಟ. ಕೊಟ್ಟು ಎದುರಿಗೇ ಕೂತ. ನಂಬಿಕೆ ಅಷ್ಟರಮಟ್ಟಿಗಿತ್ತು. ಮಧ್ಯಾಹ್ನ ಅವನು ಆಕಳಿಸಲು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಅರಗು ಸಡಿಲಿ ಹರಳು ಹಾರಿತ್ತು. ಕಡ್ಡಿಯ ತುದಿ ಬೋಳಾಗಿತ್ತು.

"ಸುತ್ತುವ ಚಕ್ರ ಏನನ್ನೇ ಎಸೆದರೂ ತನ್ನ ನಡುವಿನಿಂದ ಹೊರಕ್ಕೆ ಎಸೆಯುತ್ತದೆ," ಎಂದ ವರ್ತಕ. ಚಕ್ರದ ನಡುವಿನಿಂದ ಹರಳಿದ್ದ ಜಾಗಕ್ಕೆ ಬೆರಳಿನಲ್ಲೇ ಗೆರೆ ಎಳೆದ. ಆ ಗೆರೆ ನೇರ ಸಾಣೆಗಾರನ ಮಡಿಲಿಗೆ ಬಂದು ನಿಂತಿತು.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಪೇಟೆಯಲ್ಲೂ ಇರುತ್ತಾರೆ. ಅಕ್ಕಪಕ್ಕದ ಅಂಗಡಿಯವರು ನಾಲ್ಕು ಜನ ಬಂದು ಕೂಡಿಕೊಂಡರು. ಸಾಣೆಗಾರನ ಮಡಿಲು ಕೊಡವಿದರು. ರುಮಾಲು ಬಿಚ್ಚಿಸಿ ನೆಲಕ್ಕೆ ಹಾಕಿದರು. ಬಾಯಿ ತೆರೆಸಿ ನಾಲಿಗೆಯ ಅಡಿ ನೋಡಿದರು. ನೆಲ ಗುಡಿಸಿದರು, ಚಕ್ರದ ಕೆಳಗಿನ ನೀರಿನ ತಟ್ಟೆಯ ರಾಡಿಯನ್ನು ಬಟ್ಟೆಯಲ್ಲಿ ಸೋಸಿದರು. ಹರಳು ಸಿಗಲಿಲ್ಲ. ಸಂಜೆಯೊಳಗೆ ಕೊಡದಿದ್ದರೆ ಕೊತ್ವಾಲನನ್ನು ಕರೆಸುತ್ತೇನೆ ಎಂದ ವರ್ತಕ.

ಸೆರೆಮನೆಗಿಂತ ದೊಡ್ಡ ಭಯ ಸಾಣೆಗಾರನಿಗೆ ಇನ್ನೊಂದಿತ್ತು. ಕಳ್ಳನೆಂದು ಒಮ್ಮೆ ಹೆಸರು ಬಿದ್ದರೆ ಆ ಪೇಟೆಯಲ್ಲಿ ಮತ್ತೆ ಯಾರೂ ಅವನ ಕೈಗೆ ಹರಳು ಕೊಡುವುದಿಲ್ಲ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಗದ್ದಲ ಕೇಳಿ ಅವನ ಹೆಂಡತಿ ಒಳಗಿನಿಂದ ಬಂದಳು. "ಹರಳು ಹಾರಿದಾಗ ಬಿಲ್ಲನ್ನು ದೂಡುತ್ತಿದ್ದಿರೋ, ಎಳೆಯುತ್ತಿದ್ದಿರೋ?" ಎಂದು ಗಂಡನನ್ನು ಕೇಳಿದಳು.

ಅವನು ಕಣ್ಣು ಮುಚ್ಚಿ ಬಲಗೈಯನ್ನು ಒಮ್ಮೆ ಆಡಿಸಿ ನೋಡಿದ. "ಎಳೆಯುತ್ತಿದ್ದೆ."

"ಹಾಗಾದರೆ ನೆಲ ಯಾಕೆ ಗುಡಿಸುತ್ತೀರಿ? ಸೂರು ನೋಡಿ."

"ಹರಳಿಗೆ ರೆಕ್ಕೆ ಬಂತೇನಮ್ಮ?" ಎಂದು ವರ್ತಕ ನಕ್ಕ.

ಅವಳು ಚಿಟಿಕೆ ಕೆಮ್ಮಣ್ಣು ನೆನೆಸಿ ಕಡ್ಡಿಯ ತುದಿಗೆ ಮೆತ್ತಿದಳು. ಅದೇ ಜಾಗಕ್ಕೆ ಒತ್ತಿ ಹಿಡಿದು ಬಿಲ್ಲು ಎಳೆಯಿರಿ ಎಂದಳು. ಗಂಡ ಎಳೆದ. ಮಣ್ಣು ಅವನ ಮಡಿಲಿಗೆ ಬೀಳಲಿಲ್ಲ. ಚಕ್ರದ ಜೊತೆ ಸುತ್ತಲೂ ಇಲ್ಲ. ನೆಟ್ಟಗೆ ಮೇಲಕ್ಕೆ ಹೋಗಿ ತೊಲೆಗೆ ಬಡಿದು ಅಂಟಿಕೊಂಡಿತು.

ಏಣಿ ತಂದರು. ಸಾಣೆಗಾರ ತಾನೇ ಹತ್ತಿದ. ಮಣ್ಣಿನ ಗುರುತಿನಿಂದ ಒಂದು ಗೇಣು ಆಚೆ, ತೊಲೆಯ ಬಿರುಕಿನಲ್ಲಿ ಹರಳು ಸಿಕ್ಕಿಕೊಂಡಿತ್ತು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ಏಣಿಯ ಮೇಲೆಯೇ ಅತ್ತುಬಿಟ್ಟ. ಹೋದ ಜೀವ ಬಂದಂತಾಗಿತ್ತು. ವರ್ತಕನಿಗೂ ಎದೆ ಹಗುರಾಯಿತು, ಜೊತೆಗೆ ನಾಚಿಕೆಯೂ ಆಯಿತು. ಸಾಣೆಗಾರ ಇಳಿದ ಮೇಲೆ, ನೆಲದ ಮೇಲಿದ್ದ ರುಮಾಲನ್ನು ಧೂಳು ಕೊಡವಿ ತನ್ನ ಕೈಯಾರೆ ಅವನ ತಲೆಗೆ ಸುತ್ತಿದ.

"ಬೆಳಗಿನಿಂದ ಈ ಚಕ್ರ ಸಾವಿರ ಸಲ ಅತ್ತ ತಿರುಗಿತು, ಸಾವಿರ ಸಲ ಇತ್ತ ತಿರುಗಿತು. ನಿನಗೆ ಹೇಗೆ ತಿಳಿಯಿತು ತಾಯಿ?" ಎಂದು ಕೇಳಿದ.

"ವರ್ಷಕ್ಕೊಮ್ಮೆ ಚಕ್ರದಿಂದ ಆ ತೊಲೆಗೆ ಸಿಡಿದ ರಾಡಿ ಒರೆಸುವವಳು ನಾನೇ ಅಲ್ಲವೇ? ಎಷ್ಟು ಸುತ್ತಿದೆ ಎಂಬುದು ಚಕ್ರದ ಪಾಡು ಸ್ವಾಮಿ. ಬಿಟ್ಟುಹೋಗುವ ಹರಳು, ಬಿಟ್ಟ ಗಳಿಗೆಯಲ್ಲಿ ಯಾವ ಕಡೆಗೆ ಹೊರಟಿತ್ತೋ ಆ ಕಡೆಗೇ ನೆಟ್ಟಗೆ ಹೋಗುತ್ತದೆ," ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು.

ಮುದ್ದಯ್ಯ, "ಹರಳು ಸಿಕ್ಕಿತಲ್ಲ, ಒಳ್ಳೆಯದಾಯಿತು," ಎಂದ. "ಆದರೆ ನಾನು ಕೇಳಿದ್ದು ನನ್ನ ತಂದೆಯ ವಿಚಾರ."

ಗುರುಗಳು ಅವನ ಮುಖ ನೋಡಿ ಕೇಳಿದರು: "ಕೈಯಿಂದ ಹಗ್ಗ ಜಾರಿದ ಗಳಿಗೆಯಲ್ಲಿ ನಿನ್ನ ತಂದೆ ಆ ಕರುವನ್ನು ಯಾವ ಕಡೆಗೆ ಎಳೆಯುತ್ತಿದ್ದರು?"